ಅಡ್ಡ ಲೋಲಕದ ಭೂಕಂಪಮಾಪಕ: 41 ದಿನಗಳ ಕೆಲಸದ ದಾಖಲೆ

ಸಾವಿರಾರು ಕಿಲೋಮೀಟರ್ ಆಚೆ ಭೂಕಂಪವಾದಾಗ ಭೂಮಿಯ ಒಡಲನ್ನು ಹಾದು ಬರುವ ಅಲೆಗಳನ್ನು ಹಿಡಿಯಬೇಕು, ಅದೂ ಮೊದಲು ಬರುವ ಪಿ ಅಲೆಗೂ ಅದರ ಹಿಂದೆ ಬರುವ ಎಸ್ ಅಲೆಗೂ ನಡುವಿನ ಕಾಲದ ಅಂತರವನ್ನು ಓದುವಷ್ಟು ಸ್ಪಷ್ಟವಾಗಿ. ಕೆಲಸ ಇಷ್ಟೇ. ದೂರದಿಂದ ಬರುವ ದೊಡ್ಡ ಅಲೆಗಳು ನೆಲವನ್ನು ಒಂದು ಸಲ ಆಚೀಚೆ ತೂಗಲು 15ರಿಂದ 20 ಸೆಕೆಂಡ್ ತೆಗೆದುಕೊಳ್ಳುತ್ತವೆ. ಹಿಡಿಯುವ ಲೋಲಕದ ಅವಧಿಯೂ ಅದರ ಆಸುಪಾಸಿನಲ್ಲೇ ಇರಬೇಕು. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ 20 ಸೆಕೆಂಡ್ ಅವಧಿಗೆ ಸುಮಾರು 100 ಮೀಟರ್ ದಾರ ಬೇಕು. ಗೇಟಿನಂತೆ ಅಡ್ಡಡ್ಡ ತೂಗುವ ಲೋಲಕಕ್ಕೆ ಮುಕ್ಕಾಲು ಮೀಟರ್ ತೋಳು ಸಾಕು. ಗೇಟಿನ ಕಂಬ ಒಂದಿಷ್ಟು ಮುಂದಕ್ಕೆ ವಾಲಿದ್ದರೆ ಗೇಟು ತಾನಾಗಿ ನಡುವಿಗೆ ಬಂದು ನಿಲ್ಲುತ್ತದೆ. ವಾಲಿಕೆ ಕಡಿಮೆಯಾದಷ್ಟೂ ಅದು ನಿಧಾನವಾಗಿ ಬರುತ್ತದೆ. ಇಡೀ ಯಂತ್ರ ನಿಂತಿರುವುದು ಈ ಒಂದು ಗುಣದ ಮೇಲೆ. 1889ರ ಏಪ್ರಿಲ್ 17ರಂದು ಜರ್ಮನಿಯ ಪಾಟ್ಸ್‌ಡಾಮ್ ಮತ್ತು ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ಖಗೋಳವಿಜ್ಞಾನಿ ಎರ್ನ್ಸ್ಟ್ ಫಾನ್ ರೆಬ್ಯೂರ್-ಪಾಶ್ವಿಟ್ಸ್ ಅವರ ಉಪಕರಣಗಳು ಜಪಾನಿನ ಭೂಕಂಪವನ್ನು ಬರೆದುಕೊಂಡವು. ಅಷ್ಟು ದೂರದ ಭೂಕಂಪವೆಂದು ಗುರುತಿಸಿದ ಮೊದಲ ದಾಖಲೆ ಅದು. ಆ ಉಪಕರಣಗಳೂ ಅಡ್ಡ ಲೋಲಕಗಳೇ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಿಲ್, ವರ್ಧಕ, ಗಡಿಯಾರ ಎಲ್ಲ ಸೇರಿದರೂ ಎಲೆಕ್ಟ್ರಾನಿಕ್ಸ್‌ಗೆ ಹೋದದ್ದು ಮೂರನೇ ಒಂದು ಪಾಲಿಗೂ ಕಡಿಮೆ ದಿನ. ಉಳಿದದ್ದನ್ನೆಲ್ಲ ತಿರುಗಣಿ (ತೋಳು ಆತು ತಿರುಗುವ ಬಿಂದು), ತಂತಿ, ತಾಮ್ರ, ಗಾಳಿ, ನೆಲ ತಿಂದವು. ಪರದೆಯ ಮೇಲೆ ಗೆರೆ ಚಪ್ಪಟೆಯಾಗಿ ಕಂಡರೆ ವರ್ಧನೆ ಹೆಚ್ಚಿಸಲು ಕೈ ತುಡಿಯುತ್ತದೆ. ಹೆಚ್ಚಿಸಬೇಡಿ. ಮೊದಲು ತಿರುಗಣಿ ನೋಡಿ.

ದಿನ 1–3: ಚೌಕಟ್ಟು

ಅಡಿಪಟ್ಟಿಗೆ 75×40 ಮಿ.ಮೀ. ಅಲ್ಯೂಮಿನಿಯಂ ಚಾನೆಲ್, 950 ಮಿ.ಮೀ. ಉದ್ದ. ಅದರ ಒಂದು ತುದಿಗೆ ಅದೇ ಚಾನೆಲ್‌ನ 450 ಮಿ.ಮೀ. ತುಂಡು ಅಡ್ಡಲಾಗಿ. ಅಡ್ಡಪಟ್ಟಿಯ ಎರಡೂ ಕೊನೆಗೆ ಒಂದೊಂದು ಕಾಲು, ನಡುವಿನ ಅಂತರ 400 ಮಿ.ಮೀ. ಉದ್ದಪಟ್ಟಿಯ ಆಚೆ ತುದಿಗೆ ಮೂರನೆಯ ಕಾಲು, ಅಡ್ಡಪಟ್ಟಿಯಿಂದ 850 ಮಿ.ಮೀ. ದೂರದಲ್ಲಿ. ಮೂರೂ ಎಂ6 ಬೋಲ್ಟುಗಳು, ಒಂದು ಸುತ್ತಿಗೆ 1 ಮಿ.ಮೀ. ಏರಿಳಿಯುತ್ತವೆ. ನಾಲ್ಕು ಕಾಲು ಕೊಟ್ಟರೆ ಒಂದಲ್ಲ ಒಂದು ನೆಲಬಿಟ್ಟು ಅಲುಗುತ್ತದೆ, ಮೂರಾದರೆ ಆ ತಕರಾರಿಲ್ಲ.

ಅಡ್ಡಪಟ್ಟಿಯ ನಡುವೆ 500 ಮಿ.ಮೀ. ಎತ್ತರದ 40×40 ಮಿ.ಮೀ. ಅಲ್ಯೂಮಿನಿಯಂ ಕಂಬ. ಕೆಳಗಿನ ತಿರುಗಣಿ ಅಡಿಯಿಂದ 60 ಮಿ.ಮೀ. ಮೇಲೆ, ತಂತಿ ಕಟ್ಟುವ ಮೇಲಿನ ಬಿಂದು ಅದರಿಂದ ಸರಿಯಾಗಿ 400 ಮಿ.ಮೀ. ಮೇಲೆ. ಈ ಎರಡು ಬಿಂದುಗಳನ್ನು ಸೇರಿಸುವ ಗೆರೆಯೇ ಲೋಲಕದ ಅಕ್ಷ.

ಇಲ್ಲಿ ಮಾಡಿದ ತಪ್ಪು: ಕಂಬ ಗಟ್ಟಿಯಾಗಲೆಂದು ಅದರ ಬೆನ್ನಿಗೆ ಉಕ್ಕಿನ ಪಟ್ಟಿ ಬಿಗಿದೆ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು. ಎರಡನ್ನೂ ಜೋಡಿಸಿದರೆ ಕಂಬ ಹಗಲು ಒಂದು ಕಡೆ, ರಾತ್ರಿ ಇನ್ನೊಂದು ಕಡೆ ಬಾಗುತ್ತದೆ. ಮುಂದೆ 13ನೇ ದಿನ ಅವಧಿ ತಾನಾಗಿ ಬದಲಾಗತೊಡಗಿದಾಗ ಗೊತ್ತಾಗಿ ಪಟ್ಟಿ ಕಳಚಿದೆ. ಚೌಕಟ್ಟೆಲ್ಲ ಒಂದೇ ಲೋಹದ್ದಾಗಿರಲಿ.

ದಿನ 4: ತೋಳು ಮತ್ತು ತೂಕ

ತೋಳಿಗೆ 12 ಮಿ.ಮೀ. ಹಿತ್ತಾಳೆ ಕೊಳವೆ, 750 ಮಿ.ಮೀ. ಉದ್ದ. ತೂಕ 2 ಕೆ.ಜಿ. ಸೀಸ, ತಿರುಗಣಿಯಿಂದ 600 ಮಿ.ಮೀ. ದೂರದಲ್ಲಿ. ಸೀಸ ಮುಟ್ಟುವಾಗ ಕೈಗವಸು ಇರಲಿ, ಅರದಿಂದ ಉಜ್ಜಬೇಡಿ, ಅದರ ಪುಡಿ ಉಸಿರಿಗೆ ಹೋಗಬಾರದು. ಕಬ್ಬಿಣದ ತೂಕ ಸಲ್ಲದು. ಪಕ್ಕದಲ್ಲೇ ಬಲವಾದ ಅಯಸ್ಕಾಂತಗಳು ಬರಲಿವೆ. ತೋಳಿನ ಮೇಲಿನ ಪ್ರತಿ ತಿರುಪೂ ಹಿತ್ತಾಳೆಯದೇ ಆಗಬೇಕು. ಸ್ಟೇನ್‌ಲೆಸ್ ತಿರುಪು ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬ ನಂಬಿಕೆಯಿದೆ. ಆದರೆ ಎಳೆದು ತಯಾರಿಸಿದ ತಿರುಪುಗಳಲ್ಲಿ ಹಲವು ನಸುವಾಗಿ ಅಂಟುತ್ತವೆ, ಆ ನಸುವೇ ಇಲ್ಲಿ ಕೆಡಿಸಲು ಸಾಕು.

ದಿನ 5–11: ತಿರುಗಣಿ, ಮೂರು ಪ್ರಯತ್ನ

ಮೊದಲ ಪ್ರಯತ್ನ ಬಾಗಿಲಿನ ಕೀಲು, ಎಣ್ಣೆ ಹಾಕಿ ಸಡಿಲಗೊಳಿಸಿದ್ದು. ತೋಳನ್ನು 20 ಮಿ.ಮೀ. ಎಳೆದು ಬಿಟ್ಟರೆ ಮೂರು ತೂಗಿಗೆ ನಿಂತಿತು. ನಿಂತದ್ದು ದೊಡ್ಡ ದೋಷವಲ್ಲ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಂತದ್ದು ದೋಷ. ಅಂದರೆ ಕೀಲಿನ ಘರ್ಷಣೆಯನ್ನು ಮೀರದ ಯಾವ ತಳ್ಳಿಕೆಗೂ ತೋಳು ಕದಲುವುದೇ ಇಲ್ಲ. ನೆಲ ಒಂದೆರಡು ಮೈಕ್ರೋಮೀಟರ್ ಸರಿಯುವುದನ್ನು ಇಂಥ ಕೀಲು ಎಂದೂ ಹೇಳದು.

ಎರಡನೆಯದು ಚೂಪು ಮಾಡಿದ ತಿರುಪಿನ ಮೊನೆ, ಹಿತ್ತಾಳೆಯಲ್ಲಿ ಕೊರೆದ ಗುಳಿಯೊಳಗೆ. ಮೊದಲ ದಿನ ಬಹಳ ಚೆನ್ನಾಗಿ ತೂಗಿತು. ನಾಲ್ಕನೆಯ ದಿನಕ್ಕೆ ಮಂದವಾಯಿತು. ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ಮೊನೆ ಚಪ್ಪಟೆಯಾಗಿ ಹಿತ್ತಾಳೆಯಲ್ಲಿ ಹೂತಿತ್ತು, ಸುತ್ತ ಬಳೆಯಂಥ ಗೀರು. 2 ಕೆ.ಜಿ. ತೂಕ ಓರೆ ತಂತಿಯಲ್ಲಿ ತೂಗುತ್ತಿರುವಾಗ ತೋಳು ತಿರುಗಣಿಯನ್ನು ಒತ್ತುವುದು ಸುಮಾರು 3 ಕೆ.ಜಿ. ಭಾರದಷ್ಟು. ಅಷ್ಟೂ ಒಂದು ಸೂಜಿಮೊನೆಯ ಮೇಲೆ ಬಿದ್ದರೆ ಹಿತ್ತಾಳೆ ತಡೆಯುವುದಿಲ್ಲ.

ಮೂರನೆಯದು ಫಲಿಸಿತು: ತೋಳಿನ ತುದಿಗೆ 10 ಮಿ.ಮೀ. ಬೇರಿಂಗ್ ಗುಂಡು, ಕಂಬದ ಮೇಲೆ ಲೇತ್‌ನಲ್ಲಿ ಬಳಸುವ ಕಾರ್ಬೈಡ್ ಬಿಲ್ಲೆಯ ನುಣುಪು ಮುಖ. ಗುಂಡು ಸಮತಟ್ಟಾದ ಮುಖದ ಮೇಲೆ ಉರುಳುತ್ತದೆ, ಉಜ್ಜುವುದಿಲ್ಲ. ಗುಂಡನ್ನು ಕೊಳವೆಗೆ ಎಪಾಕ್ಸಿಯಲ್ಲಿ ಅಂಟಿಸಿ ಒಂದು ದಿನ ಒಣಗಲು ಬಿಡಬೇಕು. ಎರಡೂ ಮುಖಗಳನ್ನು ಸ್ಪಿರಿಟ್‌ನಲ್ಲಿ ಒರೆಸಿ, ಎಣ್ಣೆ ಹಾಕದೆ ಹಾಗೇ ಬಿಡಿ. ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. 20 ಮಿ.ಮೀ. ಎಳೆದು ಬಿಟ್ಟಾಗ ತೂಗಾಟ ಅರ್ಧಕ್ಕಿಳಿಯಲು 30ಕ್ಕೂ ಹೆಚ್ಚು ತೂಗು ಬೇಕಾದವು, ಪ್ರತಿ ಸಲವೂ ಒಂದೇ ಗುರುತಿನಲ್ಲಿ ನಿಂತಿತು. ಈ ಪರೀಕ್ಷೆಯಲ್ಲಿ ಗೆಲ್ಲುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ದಿನ 12: ತಂತಿ

ಮೇಲಿನ ಬಿಂದುವಿನಿಂದ ತೂಕದವರೆಗೆ ತಂತಿ ಓರೆಯಾಗಿ ಇಳಿಯುತ್ತದೆ, ಅದರ ಮೇಲೆ ಬೀಳುವ ಎಳೆತ ಸುಮಾರು 36 ನ್ಯೂಟನ್. ಮೀನು ಹಿಡಿಯುವ ನೈಲಾನ್ ದಾರ ಹಾಕಿದಾಗ ತುಂಡಾಗಲಿಲ್ಲ, ಆದರೆ ರಾತ್ರಿಯಿಡೀ ಹಿಗ್ಗಿ ಬೆಳಿಗ್ಗೆಗೆ ತೋಳಿನ ತುದಿ 9 ಮಿ.ಮೀ. ಇಳಿದಿತ್ತು. ಹಲವು ಎಳೆ ಹೊಸೆದ ಹಿತ್ತಾಳೆ ತಂತಿ ಹಿಗ್ಗಿತು, ಜೊತೆಗೆ ಹೊಸೆತ ಬಿಚ್ಚಿಕೊಳ್ಳುತ್ತಾ ತೋಳನ್ನು ಪಕ್ಕಕ್ಕೆ ತಿರುಚಿತು. ಕೊನೆಗೆ ಉಳಿದದ್ದು 0.25 ಮಿ.ಮೀ. ಒಂಟಿ ಎಳೆಯ ಉಕ್ಕಿನ ತಂತಿ, ಗಿಟಾರಿನ ಮೊದಲ ತಂತಿಯಷ್ಟು ತೆಳು. ಮೇಲ್ತುದಿಯನ್ನು ಗಂಟು ಹಾಕದೆ ಎರಡು ಹಿತ್ತಾಳೆ ಬಿಲ್ಲೆಗಳ ನಡುವೆ ಅದುಮಿ ಹಿಡಿಯಬೇಕು. ಗಂಟಾದರೆ ತಂತಿ ಬಾಗುವ ಜಾಗ ದಿನದಿನಕ್ಕೆ ಸರಿಯುತ್ತದೆ, ಅದರೊಂದಿಗೆ ಅಕ್ಷವೂ.

ದಿನ 13–14: ಅವಧಿ ಹೊಂದಿಸುವುದು

ಮೊದಲು ತೂಕದ ಕಡೆಯ ಕಾಲನ್ನು ಇಳಿಸಿ ಚೌಕಟ್ಟನ್ನು ಮುಂದಕ್ಕೆ ವಾಲಿಸಿದೆ. ಬಳಿಕ ಅದೇ ಕಾಲನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿ, ಪ್ರತಿ ಸಲ ಹತ್ತು ತೂಗಿನ ಕಾಲ ಅಳೆದು ಹತ್ತರಿಂದ ಭಾಗಿಸಿದೆ. ಅವಧಿ 10 ಸೆಕೆಂಡ್ ಇರುವಾಗ ಅಕ್ಷದ ವಾಲಿಕೆ 1.4 ಡಿಗ್ರಿ. 15ಕ್ಕೆ 0.6 ಡಿಗ್ರಿ. 18ಕ್ಕೆ 0.43. 20ಕ್ಕೆ 0.35. ಬೋಲ್ಟಿನ ಸುತ್ತಿನಲ್ಲಿ ಹೇಳುವುದಾದರೆ 10ರಿಂದ 15 ಸೆಕೆಂಡಿಗೆ ಏರಲು 11 ಸುತ್ತಿಗೂ ತುಸು ಹೆಚ್ಚು ಬೇಕಾಯಿತು, 15ರಿಂದ 18ಕ್ಕೆ ಮೂರಕ್ಕೂ ಕಡಿಮೆ, 18ರಿಂದ 20ಕ್ಕೆ ಒಂದೂಕಾಲು. ಕೊನೆಕೊನೆಗೆ ಕೈ ಬಹಳ ಹಗುರವಾಗಿರಬೇಕು. 25 ಸೆಕೆಂಡಿನವರೆಗೆ ಹೋಗಿ ನೋಡಿದೆ. ಅರ್ಧ ದಿನ ತೂಗಿದ ತೋಳು ಆಮೇಲೆ ಒಂದು ಬದಿಗೆ ಬಿದ್ದು ಅಲ್ಲೇ ಒರಗಿಕೊಂಡಿತು. ಈ ಚೌಕಟ್ಟಿಗೆ 18 ಸೆಕೆಂಡ್ ಸರಿಯಾದ ಎಲ್ಲೆ.

ಅವಧಿಗಿಂತ ಹೆಚ್ಚು ಕಾಡಿದ್ದು ತೋಳನ್ನು ನಡುವಿಗೆ ತರುವ ಕೆಲಸ. 18 ಸೆಕೆಂಡ್ ಅವಧಿಯಲ್ಲಿ ಅಡ್ಡಪಟ್ಟಿಯ ಒಂದು ಕಾಲಿನಡಿ 0.1 ಮಿ.ಮೀ. ದಪ್ಪದ ಕಾಗದದ ಹಾಳೆ ಇಟ್ಟರೆ ತೋಳಿನ ತುದಿ 24 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ರಸಮಟ್ಟ ಇಲ್ಲಿ ಕೆಲಸಕ್ಕೇ ಬರುವುದಿಲ್ಲ, ಅದರ ಗುಳ್ಳೆಗೆ ಕಾಣದ ಓರೆ ತೋಳಿಗೆ ಕಾಣುತ್ತದೆ. ಸ್ಪ್ಯಾನರಿನಲ್ಲಿ ಬೋಲ್ಟನ್ನು ನೂರರಲ್ಲೊಂದು ಸುತ್ತು ತಿರುಗಿಸುವುದೇ ಕಷ್ಟ, ಅಷ್ಟಕ್ಕೇ ತುದಿ 2.4 ಮಿ.ಮೀ. ಓಡುತ್ತದೆ. ಒಂದು ಕಾಲಿನ ಬೋಲ್ಟಿನ ತಲೆಗೆ 300 ಮಿ.ಮೀ. ಉದ್ದದ ಅಲ್ಯೂಮಿನಿಯಂ ಕಡ್ಡಿ ಬಿಗಿದೆ. ಕಡ್ಡಿಯ ತುದಿಯನ್ನು 1 ಮಿ.ಮೀ. ತಳ್ಳಿದರೆ ತೋಳಿನ ತುದಿ 0.13 ಮಿ.ಮೀ. ಸರಿಯುತ್ತದೆ. ಈಗ ನಡುವಿಗೆ ತರುವುದು ಹತ್ತು ನಿಮಿಷದ ಕೆಲಸ. ಮೊದಲೇ 10 ಸೆಕೆಂಡ್ ಅವಧಿಯಲ್ಲಿ ನಡುವಿಗೆ ತಂದುಕೊಂಡು ಆಮೇಲೆ ಅವಧಿ ಏರಿಸಿದರೆ ಇನ್ನೂ ಸುಲಭ.

ದಿನ 15–17: ತಾಮ್ರ, ಅಂದರೆ ತೂಗಾಟಕ್ಕೆ ಕಡಿವಾಣ

ಕಡಿವಾಣವಿಲ್ಲದ ಲೋಲಕ ಪಿ ಅಲೆ ಬಂದು ತಟ್ಟಿದರೆ ತನ್ನ ಪಾಡಿಗೆ ಹತ್ತಿಪ್ಪತ್ತು ನಿಮಿಷ ತೂಗುತ್ತದೆ, ಹಿಂದೆ ಬರುವ ಎಸ್ ಅಲೆ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅದಕ್ಕೆ ತೋಳಿನ ಮೇಲೆ 500 ಮಿ.ಮೀ. ದೂರದಲ್ಲಿ 3 ಮಿ.ಮೀ. ದಪ್ಪದ ತಾಮ್ರದ ತಗಡನ್ನು ಮಲಗಿಸಿದ ಹಾಗೆ ಬಿಗಿದೆ. ಅದರ ಮೇಲೊಂದು ಕೆಳಗೊಂದು 40×20×10 ಮಿ.ಮೀ. ನಿಯೋಡಿಮಿಯಂ ಅಯಸ್ಕಾಂತ, ನಡುವೆ 8 ಮಿ.ಮೀ. ಸಂದು. ಸಂದಿನಲ್ಲಿ ಚಲಿಸುವ ತಾಮ್ರದಲ್ಲಿ ಹುಟ್ಟುವ ವಿದ್ಯುತ್ತೇ ಆ ಚಲನೆಯನ್ನು ತಡೆಯುತ್ತದೆ. ಅಯಸ್ಕಾಂತಗಳ ಬೆನ್ನಿಗೆ 6 ಮಿ.ಮೀ. ಕಬ್ಬಿಣದ ತಗಡು. ಜೋಡಿಸುವಾಗ ನಡುವೆ ಮರದ ತುಂಡು ಇಟ್ಟುಕೊಳ್ಳಲೇಬೇಕು. ಇವು ಒಂದಕ್ಕೊಂದು ಹಾರಿ ಬಡಿದರೆ ಬೆರಳು ಜಜ್ಜುತ್ತದೆ, ಅಯಸ್ಕಾಂತವೂ ಚೂರಾಗುತ್ತದೆ.

ಮೊದಲ ಸಲ ತಗಡು ಒಳಗೆ ಹೋದ ಕೂಡಲೆ ಅವಧಿ 18ರಿಂದ 11 ಸೆಕೆಂಡಿಗೆ ಕುಸಿಯಿತು, ತೋಳು ನಡುವಿನಿಂದ 5 ಮಿ.ಮೀ. ಪಕ್ಕಕ್ಕೆ ಹೋಗಿ ನಿಂತಿತು. ತಾಮ್ರವನ್ನು ಅಯಸ್ಕಾಂತ ಎಳೆಯಬಾರದು, ಆದರೂ ಎಳೆಯುತ್ತಿತ್ತು. ತಗಡನ್ನು ದಾರದಲ್ಲಿ ಇಳಿಬಿಟ್ಟು ಅಯಸ್ಕಾಂತವನ್ನು ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿದರೆ ಕತ್ತರಿಸಿದ ಅಂಚು ಮಾತ್ರ ಹತ್ತಿರ ಬರುತ್ತದೆ, ಉಳಿದ ಅಂಚುಗಳು ಬರುವುದಿಲ್ಲ. ಗರಗಸದ ಹಲ್ಲಿನಿಂದ ಉದುರಿದ ಉಕ್ಕಿನ ಪುಡಿ ಮೆತ್ತನೆಯ ತಾಮ್ರದೊಳಗೆ ಹೂತು ಕುಳಿತಿತ್ತು. ಅರದಿಂದ ಉಜ್ಜಿದಾಗ ಇನ್ನೂ ಹೆಚ್ಚಾಯಿತು, ಅರವೂ ಉಕ್ಕೇ ತಾನೆ. ಎಮರಿ ಕಾಗದದಿಂದ ಅಂಚನ್ನು ಅರ್ಧ ಮಿ.ಮೀ. ಸವೆಸಿದ ಮೇಲೆ ಎಳೆತ ನಿಂತಿತು, ಅವಧಿ 18ಕ್ಕೆ ಮರಳಿತು. ಅಯಸ್ಕಾಂತವನ್ನೇ ತೋಳಿನ ಮೇಲೆ ಕೂರಿಸಿ ತಾಮ್ರವನ್ನು ಅಡಿಗೆ ಬಿಗಿಯುವವರಿದ್ದಾರೆ. ಹಾಗೆ ಮಾಡಿದರೆ ತೋಳು ದಿಕ್ಸೂಚಿಯ ಮುಳ್ಳಾಗುತ್ತದೆ, ಹತ್ತಿರ ಕಬ್ಬಿಣದ ಕುರ್ಚಿ ಸರಿಸಿದರೂ ತಿರುಗುತ್ತದೆ.

ಇನ್ನು ಅಳತೆ. ತಗಡನ್ನು ಪೂರ್ತಿ ಒಳಗಿಟ್ಟರೆ ತೋಳು ನಡುವಿಗೆ ತೆವಳಿ ಬರಲು ಒಂದು ನಿಮಿಷಕ್ಕೂ ಹೆಚ್ಚು ಬೇಕು, ಅದು ಅತಿಯಾಯಿತು. ಅಯಸ್ಕಾಂತಗಳನ್ನು ಹೊರಕ್ಕೆ ಸರಿಸುತ್ತಾ ಬಂದೆ, ತಗಡಿನ ಅಂಚು ಕೆಲವೇ ಮಿ.ಮೀ. ಒಳಗಿರುವಾಗ ಸರಿಹೋಯಿತು. ಪರೀಕ್ಷೆ ಸರಳ: ತೋಳನ್ನು 10 ಮಿ.ಮೀ. ಎಳೆದು ಬಿಡಿ. ನಡುವನ್ನು ದಾಟಿ ಆಚೆಗೆ ಅರ್ಧ ಮಿ.ಮೀ. ಹೋಗಿ ಮರಳಿದರೆ ಸರಿಯಾಗಿದೆ. ಒಂದೂವರೆ ಮಿ.ಮೀ. ದಾಟಿದರೆ ಕಡಿವಾಣ ಕಡಿಮೆ, ದಾಟದೇ ಇದ್ದರೆ ಹೆಚ್ಚು. ಅವಧಿ ಬದಲಿಸಿದರೆ ಇದೂ ಬದಲಾಗುತ್ತದೆ, ಆದ್ದರಿಂದ ಅವಧಿ ಮೊದಲು, ತಾಮ್ರ ಆಮೇಲೆ.

ದಿನ 18–20: ಕಾಯಿಲ್

ಅಯಸ್ಕಾಂತಗಳ ನಡುವೆ ಚಲಿಸಿ ತೋಳಿನ ತೂಗಾಟವನ್ನು ವೋಲ್ಟೇಜ್ ಆಗಿಸುವ ಸುರುಳಿ ಇದು. 0.1 ಮಿ.ಮೀ. ಎನಾಮಲ್ ತಾಮ್ರದ ತಂತಿ, 3,000 ಸುತ್ತು. ಒಳವ್ಯಾಸ 30, ಹೊರವ್ಯಾಸ 50, ದಪ್ಪ 6 ಮಿ.ಮೀ. ತಂತಿ ಹಿಡಿಯುವುದು ಸುಮಾರು 380 ಮೀಟರ್, ಲೆಕ್ಕದ ಪ್ರಕಾರ ರೋಧ 826 ಓಮ್. ಅಳೆದಾಗ 810 ಬಂತು. ಅಕ್ರಿಲಿಕ್ ಬಿಲ್ಲೆಗಳ ಸುರುಳಿಗೂಡನ್ನು ಡ್ರಿಲ್ಲಿಗೆ ಸಿಕ್ಕಿಸಿ ನಿಧಾನವಾಗಿ ಸುತ್ತಿದೆ. ಮೊದಲ ಸಲ 1,900ನೇ ಸುತ್ತಿಗೆ ತಂತಿ ಕಡಿದುಹೋಯಿತು: ಬಿಲ್ಲೆಯ ಒಳ ಅಂಚು ಚೂಪಾಗಿತ್ತು. ಅಂಚನ್ನು ದುಂಡಗೆ ಮಾಡಿ, ತಂತಿಯನ್ನು ಬೆರಳಲ್ಲಿ ಹಿಡಿಯುವ ಬದಲು ಎರಡು ಉಣ್ಣೆ ತುಂಡುಗಳ ನಡುವೆ ಹಾಯಿಸಿದ ಮೇಲೆ ಕಡಿಯಲಿಲ್ಲ.

ಕಾಯಿಲ್ ತೋಳಿನ ಮೇಲೆ 720 ಮಿ.ಮೀ. ದೂರದಲ್ಲಿ, ಮಲಗಿದ ಹಾಗೆ. ಅದರ ಮೇಲೆ ಎರಡು, ಕೆಳಗೆ ಎರಡು ಅಯಸ್ಕಾಂತ, ಸಂದು 12 ಮಿ.ಮೀ. ಮೊದಲ ಜೋಡಣೆಯಲ್ಲಿ ಪಕ್ಕಪಕ್ಕದ ಎರಡರ ಧ್ರುವಗಳೂ ಒಂದೇ ಕಡೆಗಿದ್ದವು. ಕಾಯಿಲ್‌ನ ಎಡ ಮತ್ತು ಬಲ ಬದಿಗಳಲ್ಲಿ ಹುಟ್ಟಿದ ವೋಲ್ಟೇಜ್ ಒಂದನ್ನೊಂದು ಹೊಡೆದುಹಾಕಿ ಮೀಟರ್ ಸೊನ್ನೆಯಲ್ಲೇ ನಿಂತಿತು. ಪಕ್ಕದ ಜೋಡಿಯನ್ನು ತಲೆಕೆಳಗು ಮಾಡಿದ ತಕ್ಷಣ ಮುಳ್ಳು ಎದ್ದಿತು.

ಕಾಯಿಲ್‌ನಿಂದ ಹೊರಡುವ ತಂತಿಗಳನ್ನು ತೋಳಿನುದ್ದಕ್ಕೂ ಅಂಟಿಸಿ, ತಿರುಗಣಿಯ ಹತ್ತಿರ ಮಾತ್ರ ಸಡಿಲವಾದ ಕುಣಿಕೆ ಬಿಟ್ಟು ಕಂಬಕ್ಕೆ ತರಬೇಕು. ಇಲ್ಲಿ ಪ್ಲಾಸ್ಟಿಕ್ ಹೊದಿಕೆಯ ತಂತಿ ಹಾಕಿ ಕೆಟ್ಟೆ. ಅದರ ಬಿರುಸು ಸ್ಪ್ರಿಂಗಿನಂತೆ ಎಳೆದು ಅವಧಿಯನ್ನು 14ಕ್ಕೆ ಇಳಿಸಿತು. ಅದೇ 0.1 ಮಿ.ಮೀ. ತಂತಿಯ ಕುಣಿಕೆ ಹಾಕಿದಾಗ ಸರಿಯಾಯಿತು.

ದಿನ 21–25: ವರ್ಧಕ

ನೆಲ ಸೆಕೆಂಡಿಗೆ 1 ಮೈಕ್ರೋಮೀಟರ್ ವೇಗದಲ್ಲಿ ಸರಿದರೆ ಈ ಕಾಯಿಲ್ ಕೊಡುವುದು ಸುಮಾರು 50 ಮೈಕ್ರೋವೋಲ್ಟ್. 200 ಪಟ್ಟು ವರ್ಧಿಸಿದರೆ 10 ಮಿಲಿವೋಲ್ಟ್. ವೋಲ್ಟೇಜನ್ನು ಅಂಕಿಯಾಗಿಸುವ ಹತ್ತು ಬಿಟ್‌ನ ಪರಿವರ್ತಕಕ್ಕೆ ಇದು ಎರಡೇ ಮೆಟ್ಟಿಲು, ಸಾಲದು. ಹದಿನಾರು ಬಿಟ್‌ನ ಎಡಿಎಸ್1115ರಲ್ಲಿ 2.048 ವೋಲ್ಟ್ ವ್ಯಾಪ್ತಿಗೆ ಒಂದು ಮೆಟ್ಟಿಲು 62.5 ಮೈಕ್ರೋವೋಲ್ಟ್, ಅಂದರೆ ಇದೇ 10 ಮಿಲಿವೋಲ್ಟಿಗೆ 160 ಮೆಟ್ಟಿಲು. ಸಾಕಷ್ಟಾಯಿತು. ನೂರು ಪಟ್ಟು ದೊಡ್ಡ ಅಲೆ ಬಂದರೂ 1 ವೋಲ್ಟ್, ವ್ಯಾಪ್ತಿ ಮೀರುವುದಿಲ್ಲ.

ಮೊದಲು ಹಾಕಿದ್ದು ಕೈಗೆ ಸಿಕ್ಕ ಸಾಮಾನ್ಯ ಆಪ್-ಆಂಪ್, ಅಂದರೆ ವರ್ಧಕದ ಚಿಪ್ಪು. ಅದರದೇ 2 ಮಿಲಿವೋಲ್ಟ್ ಓರೆ (ಒಳಗೆ ಏನೂ ಬರದಿದ್ದರೂ ಇರುವ ತಪ್ಪು ವೋಲ್ಟೇಜ್) 200 ಪಟ್ಟಾಗಿ 0.4 ವೋಲ್ಟ್ ಆಯಿತು, ಬಿಸಿಲೇರಿದಂತೆ ಗೆರೆಯೂ ಏರಿತು. ತನ್ನ ಓರೆಯನ್ನು ತಾನೇ ತಿದ್ದಿಕೊಳ್ಳುವ ಜಾತಿಯ ಒಪಿಎ2333 ಹಾಕಿದ ಮೇಲೆ ಈ ರಗಳೆ ಮುಗಿಯಿತು. ಒಂದೇ ಚಿಪ್ಪಿನಲ್ಲಿ ಎರಡಿವೆ: ಒಂದು ವರ್ಧಿಸಲು, 1 ಕಿಲೋಓಮ್ ಮತ್ತು 200 ಕಿಲೋಓಮ್ ಜೊತೆ. ಇನ್ನೊಂದು 5 ವೋಲ್ಟಿನ ನಡುಮಟ್ಟವಾದ 2.5 ವೋಲ್ಟನ್ನು ಗಟ್ಟಿಯಾಗಿ ಹಿಡಿಯಲು. ಕಾಯಿಲ್‌ನ ಒಂದು ತುದಿ ಆ ನಡುಮಟ್ಟಕ್ಕೆ, ಪರಿವರ್ತಕ ಅಳೆಯುವುದೂ ನಡುಮಟ್ಟದಿಂದಾಚೆಗಿನ ವ್ಯತ್ಯಾಸವನ್ನೇ.

200 ಕಿಲೋಓಮ್‌ಗೆ ಸಮಾಂತರವಾಗಿ 1 ಮೈಕ್ರೋಫ್ಯಾರಡ್ ಹಾಕಿದ್ದೆ. 0.8 ಹರ್ಟ್ಸ್ ಮೇಲಿನದೆಲ್ಲ ಸೋಸಿಹೋಗಿ ಗೆರೆ ಅಂದವಾಗಿ ಕಂಡಿತು. ಅಂದ ನೋಡಿ ಮೋಸಹೋದೆ. ದೂರದ ಪಿ ಅಲೆಯ ಹೆಚ್ಚಿನ ಶಕ್ತಿ ಇರುವುದೇ 1 ಸೆಕೆಂಡ್ ಅವಧಿಯ ಸುತ್ತ, ಅದನ್ನೂ ಸೋಸಿ ಎಸೆದಂತಾಗಿತ್ತು. 0.22 ಮೈಕ್ರೋಫ್ಯಾರಡ್‌ಗೆ ಇಳಿಸಿ 3.6 ಹರ್ಟ್ಸ್‌ವರೆಗೆ ಬಿಟ್ಟೆ. ಆಗ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಒಳಗೆ ನುಗ್ಗಿತು. ಸೆಕೆಂಡಿಗೆ 100 ಸಲ ಓದಿ ಐದೈದರ ಸರಾಸರಿ ತೆಗೆಯುತ್ತಿದ್ದೆ. ಐದು ಓದು ಅಂದರೆ 50 ಹರ್ಟ್ಸ್‌ನ ಎರಡೂವರೆ ಸುತ್ತು, ಆ ಅರ್ಧ ಸುತ್ತು ಕಳೆಯದೆ ಉಳಿಯುತ್ತದೆ. ಹತ್ತು ಹತ್ತರ ಸರಾಸರಿ ಅಂದರೆ ಸರಿಯಾಗಿ ಐದು ಸುತ್ತು, ಏರಿಳಿತ ಕಳೆದುಹೋಗುತ್ತದೆ. ಸೆಕೆಂಡಿಗೆ 10 ಅಂಕಿ ಉಳಿದರೆ ಈ ಕೆಲಸಕ್ಕೆ ಧಾರಾಳ. 60 ಹರ್ಟ್ಸ್ ಕರೆಂಟ್ ಇರುವಲ್ಲಿ ಸೆಕೆಂಡಿಗೆ 120 ಸಲ ಓದಿ 12ರ ಸರಾಸರಿ ತೆಗೆಯಬೇಕು.

ದಿನ 26–29: ನೆಲ, ಪೆಟ್ಟಿಗೆ, ಜೇಡ

ಜಾಗ ಮಣ್ಣಿನ ಮೇಲೇ ಕೂತ ಕಾಂಕ್ರೀಟ್ ನೆಲದಲ್ಲಿರಬೇಕು. ಮಹಡಿ ಬೇಡ, ಮರದ ನೆಲ ಬೇಡ, ಟೊಳ್ಳು ಸದ್ದು ಬರುವ ಟೈಲ್ ಬೇಡವೇ ಬೇಡ. ಕಾಲುಗಳ ಕೆಳಗೆ ಗಾಜಿನ ದಪ್ಪ ಬಿಲ್ಲೆಗಳನ್ನು ಕಾಂಕ್ರೀಟಿಗೇ ಅಂಟಿಸಿದೆ. ಇಷ್ಟಾದರೂ ಎರಡು ಮೀಟರ್ ದೂರದಲ್ಲಿ ಒಬ್ಬರು ಬಂದು ನಿಂತರೆ ಗೆರೆ ಸರಿಯುತ್ತದೆ: ಆ ಭಾರಕ್ಕೆ ಕಾಂಕ್ರೀಟ್ ಬಾಗುತ್ತದೆ.

ಮುಚ್ಚದೆ ಬಿಟ್ಟಾಗ ಗೆರೆ ಅರ್ಧ ನಿಮಿಷದಿಂದ ಮೂರು ನಿಮಿಷದ ಲಯದಲ್ಲಿ ಅಂಕುಡೊಂಕಾಗಿ ಅಲೆಯುತ್ತಿತ್ತು, ಕಾರಣ ಗಾಳಿ. 50 ಮಿ.ಮೀ. ಥರ್ಮೊಕೋಲ್‌ನ ಪೆಟ್ಟಿಗೆ ಮಾಡಿ, ಸಂದುಗಳಿಗೆ ಟೇಪ್ ಸುತ್ತಿದೆ. ಆದರೂ ಸ್ವಲ್ಪ ಅಲೆದಾಟ ಉಳಿಯಿತು. ವರ್ಧಕದ ಬೋರ್ಡ್ ಪೆಟ್ಟಿಗೆಯ ತಳದಲ್ಲಿತ್ತು, ಅದರ ಬಿಸಿಗೆ ಗಾಳಿ ಮೇಲೇರಿ ಒಳಗೇ ಸುತ್ತುತ್ತಿತ್ತು. ಬೋರ್ಡನ್ನು ಮುಚ್ಚಳದ ಒಳಮೈಗೆ ಅಂಟಿಸಿದೆ. ಬಿಸಿ ಗಾಳಿ ಮೇಲೇ ಇದ್ದರೆ ಅಲ್ಲೇ ನಿಲ್ಲುತ್ತದೆ. ಪೆಟ್ಟಿಗೆಯಿಂದಾದ ಲಾಭದಷ್ಟೇ ಲಾಭ ಈ ಒಂದು ಬದಲಾವಣೆಯಿಂದ ಬಂತು.

29ನೇ ದಿನ ಗೆರೆ ಇದ್ದಕ್ಕಿದ್ದಂತೆ ಸತ್ತಿತು. ವರ್ಧಕ ಸರಿ, ಕಾಯಿಲ್ ಸರಿ, ಮುಚ್ಚಳ ತೆಗೆದು ಟಾರ್ಚನ್ನು ಓರೆಯಾಗಿ ಬಿಟ್ಟಾಗ ತೋಳಿನಿಂದ ಅಯಸ್ಕಾಂತಕ್ಕೆ ಹಾಯ್ದ ಒಂದೇ ಒಂದು ಜೇಡನ ಎಳೆ ಮಿನುಗಿತು. ಅಷ್ಟು ಸಾಕು ಇಂಥ ಲೋಲಕವನ್ನು ಕಟ್ಟಿಹಾಕಲು. ಕುಂಚದಿಂದ ತೆಗೆದು, ತಂತಿ ತೂರುವ ರಂಧ್ರಕ್ಕೆ ಹತ್ತಿ ತುರುಕಿದೆ.

ದಿನ 30: ಮೊದಲ ಸಾಕ್ಷಿ

ಭೂಕಂಪಕ್ಕೆ ಕಾಯಬೇಕಿಲ್ಲ. ಸಾಗರದ ಅಲೆಗಳು ಭೂಮಿಯನ್ನು ಎಡೆಬಿಡದೆ ನಡುಗಿಸುತ್ತವೆ, ಎಲ್ಲ ಖಂಡಗಳ ಒಳನಾಡಿನಲ್ಲೂ. 5ರಿಂದ 8 ಸೆಕೆಂಡ್ ಅವಧಿಯ ನುಣುಪಾದ ಅಲೆಗಳು ಗುಂಪು ಗುಂಪಾಗಿ ಉಬ್ಬಿ ಇಳಿಯುವುದು ಹಗಲೂ ರಾತ್ರಿ ಕಾಣಬೇಕು. ಕಂಡಿತು, ನಡುಮಟ್ಟದಿಂದ ಎರಡೂ ಬದಿಗೆ 90ರಿಂದ 150 ಮೆಟ್ಟಿಲಿನಷ್ಟು. ಇವು ಕಾಣದಿದ್ದರೆ ಎಲ್ಲೋ ಏನೋ ತಾಗುತ್ತಿದೆ ಎಂದೇ ಅರ್ಥ. ಕಡ್ಡಿ ಊರಿ ತೋಳನ್ನು ನಿಲ್ಲಿಸಿ ನೋಡಿ: ಗೆರೆ ಆಗ ಚಪ್ಪಟೆಯಾದರೆ ಕಂಡದ್ದು ನೆಲದ ಚಲನೆ, ಆಗದಿದ್ದರೆ ಎಲೆಕ್ಟ್ರಾನಿಕ್ಸ್‌ನ ಗದ್ದಲ.

ದಿನ 31–34: ಗಡಿಯಾರ

ಮೈಕ್ರೋಕಂಟ್ರೋಲರ್ ಬೋರ್ಡಿನ ಸೆರಾಮಿಕ್ ಲಯಕಾರಿಯನ್ನೇ ನಂಬಿದ್ದೆ, ಗಂಟೆಗೆ 9 ಸೆಕೆಂಡ್ ತಪ್ಪಿತು. ಪರಿವರ್ತಕದ ಒಳಗಡಿಯಾರ ಇನ್ನೂ ಒರಟು, ಶೇ. 10ರವರೆಗೆ ತಪ್ಪಬಹುದೆಂದು ಅದರ ವಿವರಪತ್ರವೇ ಹೇಳುತ್ತದೆ. ಪ್ರತಿ ಓದಿಗೂ ಕಾಲದ ಮುದ್ರೆ ಹೊರಗಿನಿಂದ ಬರಬೇಕು. ಜಿಪಿಎಸ್ ಘಟಕದ ಸೆಕೆಂಡಿಗೊಂದು ಮಿಡಿತ ಜೋಡಿಸಿದೆ. ಎಲ್ಲ ಕಾಲವನ್ನೂ ಅಂತರರಾಷ್ಟ್ರೀಯ ಸಮಯದಲ್ಲೇ ಬರೆದುಕೊಳ್ಳಿ, ಸ್ಥಳೀಯ ಸಮಯದಲ್ಲಲ್ಲ.

ದಿನ 35–41: ಓದುವುದು

ಪಿ ಮತ್ತು ಎಸ್ ಅಲೆಗಳ ನಡುವಿನ ಅಂತರದಿಂದ ದೂರ ಸಿಗುತ್ತದೆ. ಹತ್ತಿರದ ಭೂಕಂಪಕ್ಕೆ ಅಂತರದ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಸಾಕು: 30 ಸೆಕೆಂಡ್ ಅಂದರೆ ಸುಮಾರು 240 ಕಿ.ಮೀ. ದೂರದವಕ್ಕೆ ಈ ಗುಣಾಕಾರ ನಡೆಯದು, ಏಕೆಂದರೆ ಅಲೆ ಆಳಕ್ಕಿಳಿದಂತೆ ವೇಗ ಪಡೆಯುತ್ತದೆ. ಪಿ ಅಲೆ ಭೂಕವಚದಲ್ಲಿ ಸೆಕೆಂಡಿಗೆ 6 ಕಿ.ಮೀ. ಆಸುಪಾಸು, ಅದರ ಕೆಳಗಿನ ಪದರವಾದ ಮ್ಯಾಂಟಲ್‌ನ ಮೇಲ್ಭಾಗದಲ್ಲಿ 8, ಅದರ ತಳದಲ್ಲಿ 13ಕ್ಕೂ ಹೆಚ್ಚು. ಗೋಡೆಗೆ ಅಂಟಿಸಿಕೊಂಡ ಪಟ್ಟಿ ಇದು: ಅಂತರ 3 ನಿಮಿಷ 40 ಸೆಕೆಂಡ್ ಇದ್ದರೆ 20 ಡಿಗ್ರಿ ದೂರ (ಭೂಮಿಯ ಕೇಂದ್ರದಲ್ಲಿ ಅಳೆದ ಕೋನ), 5 ನಿಮಿಷಕ್ಕೆ 30, 6 ನಿಮಿಷ 5 ಸೆಕೆಂಡಿಗೆ 40, 7 ನಿಮಿಷ 10ಕ್ಕೆ 50, 8 ನಿಮಿಷ 10ಕ್ಕೆ 60, 10 ನಿಮಿಷಕ್ಕೆ 80. ಒಂದು ಡಿಗ್ರಿಗೆ 111 ಕಿ.ಮೀ. ಇದು ಮೇಲ್ಪದರದ ಭೂಕಂಪಗಳ ಪಟ್ಟಿ. ಭೂಮಿಯ ಹೊರಚಿಪ್ಪಿನ ಒಂದು ಫಲಕ ಇನ್ನೊಂದರಡಿ ಇಳಿಯುವ ಕಡೆ ಭೂಕಂಪ 700 ಕಿ.ಮೀ. ಆಳದವರೆಗೂ ಆಗುತ್ತದೆ. ಅಂಥವಕ್ಕೆ ಇದೇ ಪಟ್ಟಿ ಹಿಡಿದರೆ ದೂರ ಕಡಿಮೆ ಬರುತ್ತದೆ. ಅವನ್ನು ಗುರುತಿಸುವ ಬಗೆಯೂ ಇದೆ: ಪಿ, ಎಸ್ ಎರಡೂ ಚೂಪಾಗಿರುತ್ತವೆ, ಹಿಂದೆ ಬರಬೇಕಾದ ದೊಡ್ಡ ಮೇಲ್ಮೈ ಅಲೆಗಳು ಸೊರಗಿರುತ್ತವೆ.

40 ಡಿಗ್ರಿ ದೂರವೆಂದರೆ ಪಿ ಏಳೂವರೆ ನಿಮಿಷಕ್ಕೆ ಬರುತ್ತದೆ, ಮೇಲ್ಮೈ ಅಲೆ ಸುಮಾರು 21 ನಿಮಿಷಕ್ಕೆ. 300 ಮಿ.ಮೀ. ವ್ಯಾಸದ ಗೋಳದ ಮೇಲೆ ಒಂದು ಡಿಗ್ರಿಗೆ 2.6 ಮಿ.ಮೀ. ದಾರದಲ್ಲಿ 105 ಮಿ.ಮೀ. ಅಳೆದು ವೃತ್ತ ಎಳೆದರೆ ಭೂಕಂಪ ಆ ವೃತ್ತದ ಮೇಲೆಲ್ಲೋ ಇದೆ. ಒಂದೇ ಉಪಕರಣ ಹೇಳುವುದು ಅಷ್ಟೇ. ವೃತ್ತ ಫಲಕಗಳ ಅಂಚನ್ನು ಕೆಲವೇ ಕಡೆ ಕತ್ತರಿಸುತ್ತದೆ, ಊಹೆ ಅಲ್ಲಿಗೆ ಇಳಿಯುತ್ತದೆ.

ಓದುವಾಗ ಆದ ದೊಡ್ಡ ತಪ್ಪು: ಪಿ ಸರಿಯಾಗಿ ಕಾಣದಾಗಲೆಲ್ಲ ಯಂತ್ರ ಬಿಚ್ಚಿದ್ದು. ಎರಡು ದಿನ ಸುಮ್ಮನೆ ಹೋದವು. 60 ಡಿಗ್ರಿ ದೂರದ ಪಿ ಅಲೆ ಕೆಳಗಿನಿಂದ ಬರುತ್ತದೆ, ಲಂಬರೇಖೆಯಿಂದ 20 ಡಿಗ್ರಿಯಷ್ಟೇ ವಾಲಿ. ಅದು ನೆಲವನ್ನು ಎತ್ತಿ ಇಳಿಸುತ್ತದೆ, ಪಕ್ಕಕ್ಕೆ ತಳ್ಳುವುದು ಕಡಿಮೆ. ಅಡ್ಡ ಲೋಲಕ ಪಕ್ಕದ ಚಲನೆಯನ್ನಷ್ಟೇ ನೋಡುತ್ತದೆ, ಅದರಲ್ಲೂ ತೋಳಿಗೆ ಅಡ್ಡಲಾಗಿರುವುದನ್ನು ಮಾತ್ರ. ತೋಳಿನ ನೇರಕ್ಕೇ ಬಂದ ಪಿ ಇದಕ್ಕೆ ಕಾಣುವುದೇ ಇಲ್ಲ.

ಇನ್ನೊಂದು ಬಲೆ ದೂರದಲ್ಲಿದೆ. ಸುಮಾರು 83 ಡಿಗ್ರಿ ದಾಟಿದ ಮೇಲೆ ಮೊದಲು ಬರುವ ಎಸ್ ಮ್ಯಾಂಟಲ್‌ನಲ್ಲೇ ಬಂದದ್ದಲ್ಲ. ಅದು ಹೊರ ಕೇಂದ್ರಗೋಳಕ್ಕೆ ಇಳಿದು, ಅಲ್ಲಿನ ದ್ರವದಲ್ಲಿ ಪಿ ಆಗಿ ಸಾಗಿ, ಮೇಲೆ ಬರುವಾಗ ಮತ್ತೆ ಎಸ್ ಆದದ್ದು. ಅದನ್ನೇ ಹಿಡಿದು ಪಟ್ಟಿ ನೋಡಿದರೆ ದೂರ ತಪ್ಪುತ್ತದೆ. ಹಿಂದೆಯೇ ಬರುವ ಎರಡನೆಯ ಎಸ್ ಹುಡುಕಬೇಕು. 104ರಿಂದ 140 ಡಿಗ್ರಿಯವರೆಗೆ ಪಿ ಅಲೆಗೆ ನೆರಳು ವಲಯ. 2,890 ಕಿ.ಮೀ. ಆಳದಲ್ಲಿ ಶುರುವಾಗುವ ಕೇಂದ್ರಗೋಳ ಅದನ್ನು ಒಳಕ್ಕೆ ಬಾಗಿಸಿಬಿಡುತ್ತದೆ. ಆ ನೆರಳಿನೊಳಗೂ ಬರುತ್ತಿದ್ದ ಮಂದ ಅಲೆಗಳನ್ನು ಬೆನ್ನುಹತ್ತಿಯೇ ಡೆನ್ಮಾರ್ಕಿನ ಭೂಕಂಪವಿಜ್ಞಾನಿ ಇಂಗೆ ಲೆಹ್ಮನ್ 1936ರಲ್ಲಿ ಒಳ ಕೇಂದ್ರಗೋಳವನ್ನು ಕಂಡುಕೊಂಡರು. ಇಷ್ಟು ದೂರದ ಭೂಕಂಪದಲ್ಲಿ ಚೂಪಾದ ಪಿ ಇಲ್ಲವೆಂದು ತಿರುಗಣಿ ಬಿಚ್ಚಬೇಡಿ.

ಬಗೆಹರಿಯದೆ ಉಳಿದದ್ದು ಒಂದು. ಜೋರು ಮಳೆಯಾದ ಮರುದಿನ ನೆಲ ಓರೆಯಾಗಿ ತೋಳು 3ರಿಂದ 4 ಮಿ.ಮೀ. ಸರಿಯುತ್ತದೆ. ಕಡ್ಡಿ ತಳ್ಳಿ ನಡುವಿಗೆ ತರುವುದಷ್ಟೇ ಈಗಿನ ಉಪಾಯ. ಈ ಲೋಲಕಕ್ಕೆ 90 ಡಿಗ್ರಿ ಅಡ್ಡಲಾಗಿ ಇಡುವ ಎರಡನೆಯ ಲೋಲಕದ ಚಾನೆಲ್ ಕತ್ತರಿಸಿ ಆಗಿದೆ. ಅದರಲ್ಲಿ ಬದಲಾವಣೆ ಮೂರು: ಕಾಲುಗಳ ನಡುವೆ 400ರ ಬದಲು 600 ಮಿ.ಮೀ., ಮಳೆಯ ಓರೆಗೆ ಅಷ್ಟು ಬೇಗ ಬಾಗದಂತೆ 15 ಸೆಕೆಂಡ್ ಅವಧಿ, ಮತ್ತು ಗರಗಸ ತಾಗದ, ಅಳತೆಗೆ ತಕ್ಕಂತೆ ಮೊದಲೇ ಕತ್ತರಿಸಿ ಬಂದ ತಾಮ್ರದ ತಗಡು. ಆ ತಗಡನ್ನೂ ದಾರದಲ್ಲಿ ಇಳಿಬಿಟ್ಟು, ನಾಲ್ಕೂ ಅಂಚಿಗೆ ಅಯಸ್ಕಾಂತ ಹಿಡಿದು ನೋಡಿದ ಮೇಲೇ ತೋಳಿಗೆ ಬಿಗಿಯುವುದು.